ಆರ್ಡರ್ ಬೇಡ, ರ‍್ಯಾಕ್ ತೋರಿಸಿ: ಮಂಡ್ಯದ ಬೆಲ್ಲ ಮಾರಲು ನಾನು ಹಿಡಿದು ನೋಡಿದ ದಾರಿಗಳು

ಹೋದ ವರ್ಷ ಸಂಕ್ರಾಂತಿ ಮುಗಿದು ಹತ್ತು ದಿನವಾಗಿತ್ತು. ಬೆಳಿಗ್ಗೆ ಒಂದು ಟೆಂಪೊ ನಮ್ಮ ಗೋಡೌನ್ ಮುಂದೆ ಬಂದು ನಿಂತಿತು. ಟಾರ್ಪಾಲ್ ಎತ್ತಿ ನೋಡಿದರೆ ನಮ್ಮದೇ ಬೆಲ್ಲ. ಎಳ್ಳು-ಬೆಲ್ಲಕ್ಕೆಂದು ಮೈಸೂರಿಗೆ ಕಳಿಸಿದ್ದ ಅಚ್ಚು ಬೆಲ್ಲ, 61 ಬಾಕ್ಸ್, ಹೋದ ಹಾಗೇ ವಾಪಸ್ ಬಂದಿತ್ತು. ಡಿಸೆಂಬರ್‌ನಲ್ಲಿ ಇದೇ ಅಂಗಡಿಗಳವರು ದಿನಕ್ಕೆರಡು ಸಲ ಫೋನ್ ಮಾಡಿ "ಬೆಲ್ಲ ಎಲ್ಲಿ, ಬೆಲ್ಲ ಎಲ್ಲಿ" ಅಂತ ಪ್ರಾಣ ತಿಂದಿದ್ದರು.

ಯಾರೂ ಸುಳ್ಳು ಹೇಳಿರಲಿಲ್ಲ. ಹತ್ತು ಬಾಕ್ಸ್ ಬೇಕಾದ ಅಂಗಡಿಯವನು, ಹಬ್ಬಕ್ಕೆ ಸಿಗದೆ ಹೋದರೆ ಕಷ್ಟ ಅಂತ ಹದಿನೈದು ಕೇಳಿದ. ಅಂಥವರನ್ನೆಲ್ಲ ಕೂಡಿಸಿದ ಹೋಲ್‌ಸೇಲ್‌ನವರು ಮೇಲೊಂದಿಷ್ಟು ಸೇರಿಸಿದರು. ನಾನು ಅದಕ್ಕೂ ಮೇಲೆ ಸೇರಿಸಿ ಆಲೆಮನೆಗೆ ಹೇಳಿದೆ. ಚಾಟಿಯ ಹಿಡಿಕೆ ಒಂದು ಗೇಣು ಅಲ್ಲಾಡಿದರೆ ತುದಿ ಮಾರುದ್ದ ಹಾರುತ್ತಲ್ಲ, ಹಾಗೆ. ಇದಕ್ಕೆ ಬುಲ್‌ವಿಪ್ ಅಂತಲೇ ಹೆಸರಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರಿಗೆ ಇದು ಕಣ್ಣಿಗೆ ಬಿದ್ದದ್ದು ಡೈಪರ್ ವ್ಯಾಪಾರದಲ್ಲಂತೆ. ಮಕ್ಕಳು ಹಬ್ಬ ನೋಡಿ ಡೈಪರ್ ಒದ್ದೆ ಮಾಡಲ್ಲ. ಆದರೂ ಕಂಪನಿಗೆ ಬರುತ್ತಿದ್ದ ಆರ್ಡರ್ ಮಾತ್ರ ಏರಿ ಇಳಿದು ಕುಣಿಯುತ್ತಿತ್ತು.

ಅವತ್ತೇ ತೀರ್ಮಾನ ಮಾಡಿದೆ. ಒಂದು ವರ್ಷ ಬೇರೆ ಬೇರೆ ಗಿರಾಕಿಗಳ ಜೊತೆ ಬೇರೆ ಬೇರೆ ರೀತಿಯಲ್ಲಿ ಆನ್‌ಲೈನ್ ವ್ಯವಹಾರ ಮಾಡಿ ನೋಡೋಣ, ಯಾವುದು ಸರಿಹೋಗುತ್ತೋ ಅದನ್ನೇ ಇಟ್ಟುಕೊಳ್ಳೋಣ ಅಂತ. ನಮ್ಮದು ಮಂಡ್ಯದ ಹೊರಗೊಂದು ಸಣ್ಣ ಘಟಕ. ಅಚ್ಚು ಬೆಲ್ಲ, ಬೆಲ್ಲದ ಪುಡಿ, ಅರ್ಧ ಕೆಜಿ ಮತ್ತು ಒಂದು ಕೆಜಿ ಪ್ಯಾಕೆಟ್. ನಾನು, ನನ್ನ ಹೆಂಡತಿ, ಜೊತೆಗೆ ನಾಲ್ಕು ಜನ.

ಮೊದಲು ಕೊಳ್ಳೋ ಕಡೆಯ ಮಾತು ಮುಗಿಸಿಬಿಡುತ್ತೇನೆ. ಎಪಿಎಂಸಿಗಳಲ್ಲಿ ಆನ್‌ಲೈನ್ ಟೆಂಡರ್ ಕರ್ನಾಟಕಕ್ಕೆ ಹೊಸದಲ್ಲ. ಏಕೀಕೃತ ಮಾರುಕಟ್ಟೆ ವೇದಿಕೆ ನಮ್ಮಲ್ಲಿ ಶುರುವಾಗಿದ್ದು 2014ರಲ್ಲಿ, ಕೇಂದ್ರ ಸರ್ಕಾರದ ಇಂಥದ್ದೇ ವೇದಿಕೆ ಇ-ನಾಮ್ ಬಂದಿದ್ದು 2016ರಲ್ಲಿ. ಲಾಟಿಗೊಂದು ನಂಬರು, ಕಂಪ್ಯೂಟರ್‌ನಲ್ಲಿ ದರ, ಜಾಸ್ತಿ ಹಾಕಿದವನಿಗೆ ಮಾಲು. ದರ ತಿಳಿಯೋಕೆ ಒಳ್ಳೆಯದು. ಆದರೆ ಬೆಲ್ಲವನ್ನು ಮುರಿದು ನೋಡಬೇಕು, ಬೆರಳಲ್ಲಿ ಒತ್ತಿ ನೋಡಬೇಕು. ತೀರಾ ಬೆಳ್ಳಗಿದ್ದರೆ ಹೈಡ್ರೋಸ್, ಅಂದರೆ ಬಣ್ಣ ತೆಗೆಯೋ ರಾಸಾಯನಿಕ, ಬಿದ್ದಿದೆ ಅಂತ ಅನುಮಾನ ಬರಬೇಕು. ಅದು ಬೆಲ್ಲದಲ್ಲಿ ಬಿಟ್ಟುಹೋಗುವ ಗಂಧಕದ ಡೈಆಕ್ಸೈಡ್ 70 ಪಿಪಿಎಂ, ಅಂದರೆ ಕೆಜಿಗೆ 70 ಮಿಲಿಗ್ರಾಂ, ದಾಟುವ ಹಾಗಿಲ್ಲ. ಪ್ಯಾಕೆಟ್ ಮೇಲೆ ಹೆಸರಿರೋದು ನನ್ನದು, ಆಲೆಮನೆಯವರದ್ದಲ್ಲ. ಹಾಗಾಗಿ ದರವನ್ನು ಆನ್‌ಲೈನ್‌ನಲ್ಲಿ ನೋಡುತ್ತೇನೆ, ಮಾಲನ್ನು ಖುದ್ದಾಗಿ ಹೋಗಿ ನೋಡಿ ತರುತ್ತೇನೆ. ಇದರಲ್ಲಿ ಬದಲಾವಣೆ ಮಾಡೋ ಆಸೆ ನನಗಿಲ್ಲ.

ಈಗ ಮಾರೋ ಕಡೆ.

ವಾಟ್ಸಾಪ್ ಎಲ್ಲರಿಗೂ ಗೊತ್ತಿರೋ ದಾರಿ. ಖರ್ಚಿಲ್ಲ, ಕಲಿಯೋದೂ ಇಲ್ಲ. ಒಂದು ದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ಚಾಮರಾಜಪುರಂನ ಅಂಗಡಿಯೊಂದರಿಂದ ವಾಯ್ಸ್ ಮೆಸೇಜ್ ಬಂತು. ಹಿಂದೆ ಹಾಲಿನ ಗಾಡಿ ಸದ್ದು, ಯಾರೋ ಗುಡಿಸುತ್ತಿರುವ ಸದ್ದು, ನಡುವೆ ಒಂದು ಮಾತು: "ಅಣ್ಣ, ಬಕೆಟ್ ಬೆಲ್ಲ ಎರಡು ಕಳಿಸಿ." ಅವರ ಪ್ರಕಾರ ಎರಡು ಅಂದರೆ ಎರಡು ಬಕೆಟ್, ಸುಮಾರು ಇಪ್ಪತ್ತು ಕೆಜಿ. ನಮ್ಮ ಹುಡುಗನ ಪ್ರಕಾರ ಎರಡು ಕ್ವಿಂಟಲ್, ಯಾಕೆಂದರೆ ಹಿಂದಿನ ದಿನ ಬಂದಿದ್ದ ಫೋನ್‌ನವರು ಕ್ವಿಂಟಲ್ ಲೆಕ್ಕದವರು. ಇಪ್ಪತ್ತು ಬಕೆಟ್ ಆ ಪುಟ್ಟ ಅಂಗಡಿಯ ಮುಂದೆ ಇಳಿದಾಗ ಅವರ ಮುಖ ಹೇಗಿತ್ತು ಅಂತ ಡ್ರೈವರ್ ಇನ್ನೂ ಆಡಿ ತೋರಿಸುತ್ತಾನೆ.

ಅದಾದ ಮೇಲೆ ಒಂದು ನಿಯಮ ಮಾಡಿದೆವು. ಆರ್ಡರ್ ಬಂದ ತಕ್ಷಣ ಮಾಲಿನ ಹೆಸರು, ಎಷ್ಟು, ಯಾವ ಅಳತೆ ಅಂತ ನಾವೇ ಬರೆದು ವಾಪಸ್ ಕಳಿಸಬೇಕು, ಅವರು 'ಸರಿ' ಅಂದ ಮೇಲೆ ಗಾಡಿಗೆ ಹಾಕಬೇಕು. ತಪ್ಪು ಹೆಚ್ಚುಕಡಿಮೆ ನಿಂತಿತು. ವಾಟ್ಸಾಪ್‌ನ ಇನ್ನೊಂದು ಗುಣ, ಬೈಸಿಕೊಳ್ಳೋದು ಬೇಗ ಆಗುತ್ತೆ. ಏನಾದರೂ ಕೆಟ್ಟರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಆದರೆ ಅಲ್ಲಿ ಬರೋದು ಅಂಗಡಿಯವರ ಅಂದಾಜು ಮಾತ್ರ. ಅವರ ರ‍್ಯಾಕ್‌ನಲ್ಲಿ ಎಷ್ಟಿದೆ ಅನ್ನೋದು ನನಗೆ ಗೊತ್ತಾಗೋದಿಲ್ಲ. ಸಂಕ್ರಾಂತಿಯಲ್ಲಿ ನನ್ನನ್ನು ಹೊಡೆದದ್ದು ಇದೇ ಅಂದಾಜು ತಾನೆ?

ಎರಡನೆಯದು ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್ ಸರಪಳಿಯ ಸಪ್ಲೈಯರ್ ಪೋರ್ಟಲ್. ಹೆಸರು ಬೇಡ, ಇನ್ನೂ ಅವರಿಗೆ ಮಾಲು ಕೊಡುತ್ತಿದ್ದೇನೆ. ಇಲ್ಲಿಗೆ ಕಾಲಿಡೋಕೇ ಎರಡು ತಿಂಗಳು ಹಿಡಿಯಿತು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಸಣ್ಣ ಉದ್ದಿಮೆ ಅಂತ ಗುರುತಿಸುವ ಉದ್ಯಮ್ ನೋಂದಣಿ, ಜಿಎಸ್‌ಟಿ, ಅದರ ಮೇಲೆ ಬಾರ್‌ಕೋಡ್. ಬಾರ್‌ಕೋಡ್ ಹಂಚುವ ಸಂಸ್ಥೆ ಜಿಎಸ್‌ಒನ್ ಇಂಡಿಯಾ ಕೊಡುವ 13 ಅಂಕಿಯ ನಂಬರು 890ರಿಂದ ಶುರುವಾಗುತ್ತೆ. ಅರ್ಧ ಕೆಜಿಗೆ ಒಂದು ನಂಬರು, ಒಂದು ಕೆಜಿಗೆ ಇನ್ನೊಂದು, ಹೊರಗಿನ ಬಾಕ್ಸಿಗೆ 14 ಅಂಕಿಯ ಮತ್ತೊಂದು. ತೆರಿಗೆ ಕಥೆಯೂ ಮಜವಾಗಿದೆ. ಮೂಟೆಯಲ್ಲಿ ಬಿಡಿಯಾಗಿ ಮಾರಿದರೆ ಬೆಲ್ಲಕ್ಕೆ ಜಿಎಸ್‌ಟಿ ಇಲ್ಲ. ಅದೇ ಬೆಲ್ಲವನ್ನು ಪ್ಯಾಕೆಟ್‌ಗೆ ತುಂಬಿ ಲೇಬಲ್ ಹಚ್ಚಿದರೆ 18 ಜುಲೈ 2022ರಿಂದ 5%. ಆಗ 50,000 ರೂಪಾಯಿ ದಾಟಿದ ಲೋಡಿಗೆ ಇ-ವೇ ಬಿಲ್ ಅನ್ನೋ ಸಾಗಣೆ ಚೀಟಿ ಬೇರೆ.

ದೊಡ್ಡ ಕಂಪನಿಗಳು ಇದನ್ನೆಲ್ಲ ಇಡಿಐ ಮೂಲಕ ಮಾಡುತ್ತವೆ. ಖರೀದಿ ಆರ್ಡರ್, 'ಮಾಲು ಹೊರಟಿದೆ' ಅನ್ನೋ ಸುದ್ದಿ, ಬಿಲ್ಲು, ಎಲ್ಲವೂ ಗೊತ್ತುಮಾಡಿದ ನಮೂನೆಯಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರ ಹೋಗುತ್ತೆ. ನಡುವೆ ಮನುಷ್ಯರು ಕೈ ಹಾಕೋದಿಲ್ಲ. ನಮ್ಮಂಥವರಿಗೆ ಅದು ಕೈಗೆಟುಕೋದಿಲ್ಲ, ಅದಕ್ಕೇ ಪೋರ್ಟಲ್. ಅವರ ಆರ್ಡರ್ ಪಿಡಿಎಫ್ ಇಳಿಸಿಕೊಂಡು ನನ್ನ ಹೆಂಡತಿ ನಮ್ಮ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಹಾಕುತ್ತಾಳೆ, ಟ್ಯಾಲಿಯ ಬಿಲ್ಲು ನೋಡಿಕೊಂಡು ಮತ್ತೆ ಪೋರ್ಟಲ್‌ಗೆ ತುಂಬುತ್ತಾಳೆ. ಅವರ ಕಂಪ್ಯೂಟರಿಗೂ ನಮ್ಮ ಕಂಪ್ಯೂಟರಿಗೂ ನಡುವಿನ ಕೇಬಲ್ ಅವಳೇ.

ಇಲ್ಲೂ 'ಎರಡು' ಕಥೆಯೇ ಮತ್ತೆ ಬಂತು, ಇನ್ನೂ ದುಬಾರಿಯಾಗಿ. ನಮ್ಮ ಬಾಕ್ಸಿಗೆ 24 ಪ್ಯಾಕೆಟ್. ಅವರ ಕಡೆಯವರು ಯಾರೋ ಸಿಸ್ಟಮ್‌ನಲ್ಲಿ 20 ಅಂತ ತುಂಬಿದ್ದರು. 15 ಬಾಕ್ಸ್ ಕೇಳಿದರು, 15 ಬಾಕ್ಸ್ ಕಳಿಸಿದೆವು. ಅವರ ಗೋಡೌನ್‌ನ ಹುಡುಗ ಸ್ಕ್ಯಾನ್ ಮಾಡುತ್ತಾ ಹೋದ. 300 ಪ್ಯಾಕೆಟ್ ಆದ ಕೂಡಲೇ ಮಷೀನು ಕೆಂಪಾಯಿತು. ಉಳಿದ 60 'ಹೆಚ್ಚುವರಿ' ಅಂತ ಅದೇ ಗಾಡಿಯಲ್ಲಿ ವಾಪಸ್. ಎದುರಿಗೇ 15 ಬಾಕ್ಸ್ ಇದೆ, ಲೆಕ್ಕ ಸರಿಯಿದೆ ಅಂತ ಡ್ರೈವರ್ ಗೋಗರೆದ. "ಸಿಸ್ಟಮ್ ತಗೊಳ್ತಿಲ್ಲ ಅಣ್ಣ" ಅಂತ ಅವನು. ಆ 20 ಅನ್ನು 24 ಮಾಡಿಸೋಕೆ ಆರು ವಾರ, ಹದಿನೇಳು ಇಮೇಲ್. ವಾಟ್ಸಾಪ್‌ನಲ್ಲಾದ ತಪ್ಪು ಒಂದು ಫೋನಿಗೆ ಸರಿಹೋಗಿತ್ತು.

ಇನ್ನು ಗಾಡಿ ಹನ್ನೊಂದರಿಂದ ಹನ್ನೆರಡರೊಳಗೆ ಬರಬೇಕು, ಇಪ್ಪತ್ತು ನಿಮಿಷ ತಡವಾದರೆ ನಾಳೆ ಬನ್ನಿ ಅನ್ನೋದು, ಮಾಲು ಕಡಿಮೆ ಬಿದ್ದರೆ ದಂಡ, ಇದನ್ನೆಲ್ಲ ಬರೆಯುತ್ತಾ ಕೂತರೆ ಬಿಪಿ ಏರುತ್ತೆ.

ಹಾಗಂತ ಪೋರ್ಟಲ್ ಕೆಲಸಕ್ಕೆ ಬಾರದ್ದು ಅಂತ ಹೇಳೋಕಾಗಲ್ಲ. ಬೈದುಕೊಂಡೇ ಬಳಸುತ್ತಿದ್ದ ನನಗೆ ಮೂರನೇ ತಿಂಗಳಲ್ಲಿ ಮೂಲೆಯಲ್ಲೊಂದು ಪುಟ ಕಣ್ಣಿಗೆ ಬಿತ್ತು: ಸ್ಟಾಕ್ ಮತ್ತು ಸೇಲ್ಸ್. ಯಾವ ಮಳಿಗೆಯಲ್ಲಿ ನಮ್ಮ ಯಾವ ಪ್ಯಾಕೆಟ್ ನಿನ್ನೆ ಎಷ್ಟು ಹೋಯಿತು, ಇನ್ನೆಷ್ಟು ಉಳಿದಿದೆ, ಎಲ್ಲ ಅಲ್ಲಿತ್ತು. ರಾತ್ರಿ ಊಟ ಬಿಟ್ಟು ಅದನ್ನೇ ನೋಡಿದೆ. ಪುಡಿ ಬೆಲ್ಲ ನಾನಂದುಕೊಂಡದ್ದಕ್ಕಿಂತ ಜಾಸ್ತಿ ಹೋಗುತ್ತಿತ್ತು, ಅದೂ ಶನಿವಾರ ಭಾನುವಾರ. ಅಚ್ಚು ಬೆಲ್ಲ ಸುಮ್ನೆ ಕೂತಿತ್ತು. ಅದೇ ವಾರ ಅಚ್ಚು ಬೆಲ್ಲಕ್ಕೇ 40 ಬಾಕ್ಸ್ ಆರ್ಡರ್ ಬಂದಿತ್ತು. ಅವರ ಗೋಡೌನ್‌ನಲ್ಲಿ ಆಗಲೇ 52 ಬಾಕ್ಸ್ ಇತ್ತು! ಆಷಾಢದ ಮಳೆ ಬೇರೆ. ಬೆಲ್ಲ ಬೆವರೋ ಕಾಲ. ಖರೀದಿ ವಿಭಾಗಕ್ಕೆ ಫೋನ್ ಮಾಡಿ, "ಸಾರ್, 40 ಬೇಡ, 10 ಸಾಕು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಕಡಿಮೆ ಕೊಳ್ಳಿ ಅನ್ನೋ ಮಾರಾಟಗಾರನನ್ನು ಅವರು ನೋಡಿರಲಿಲ್ಲ ಅಂತ ಕಾಣುತ್ತೆ.

ಮೂರನೆಯದು ಒಎನ್‌ಡಿಸಿ ಅನ್ನೋ ಆನ್‌ಲೈನ್ ವ್ಯಾಪಾರದ ಜಾಲ. 2021ರ ಕೊನೆಗೆ ಕಂಪನಿಯಾಗಿ ನೋಂದಣಿಯಾದ ಈ ಜಾಲದಲ್ಲಿ ಮಾರುವವರ ಆ್ಯಪ್ ಬೇರೆ, ಕೊಳ್ಳುವವರ ಆ್ಯಪ್ ಬೇರೆ, ಸಾಗಿಸುವವರು ಬೇರೆ. ನಡುವೆ ಇರೋದು ಎಲ್ಲರೂ ಒಪ್ಪಿದ ಒಂದೇ ಭಾಷೆ. ಯೋಚನೆ ನನಗೆ ತುಂಬಾ ಹಿಡಿಸಿತು. ಒಂದು ಕಡೆ ಮಾಲಿನ ಪಟ್ಟಿ ಹಾಕಿದರೆ ಹಲವು ಆ್ಯಪ್‌ಗಳಲ್ಲಿ ಕಾಣುತ್ತೆ. ಆದರೆ ನನಗೆ ಬಂದ ಆರ್ಡರುಗಳು ಹೆಚ್ಚಿನವು ಮನೆಗಳಿಂದ, ಒಂದು ಕೆಜಿ, ಎರಡು ಕೆಜಿ. ಬೆಲ್ಲ ತೂಕದಲ್ಲಿ ಭಾರ, ಬೆಲೆಯಲ್ಲಿ ಹಗುರ. ಒಂದು ಕೆಜಿಯನ್ನು ಮಂಡ್ಯದಿಂದ ಬೆಂಗಳೂರಿನ ಮನೆಗೆ ಮುಟ್ಟಿಸುವ ಖರ್ಚು ಬೆಲ್ಲದ ಬೆಲೆಗೇ ಹತ್ತಿರ ಬರುತ್ತಿತ್ತು. ತಪ್ಪು ಜಾಲದ್ದಲ್ಲ, ನನ್ನ ಮಾಲಿನದ್ದು. ಅಗರಬತ್ತಿಯೋ ರೇಷ್ಮೆಯೋ ಮಾರುವ ಮೈಸೂರಿನವರಿಗೆ ಇದು ಸರಿಹೋಗಬಹುದು. ನಾನು ನಾಲ್ಕು ತಿಂಗಳಿಗೆ ನಿಲ್ಲಿಸಿದೆ.

ದುಡ್ಡಿನ ವಿಷಯಕ್ಕೆ ಬಂದರೆ, ವಾಟ್ಸಾಪ್ ಗಿರಾಕಿಗಳು ಮಾಲು ಇಳಿದಾಗಲೇ ಯುಪಿಐ ಮಾಡುತ್ತಾರೆ, ಇಲ್ಲವೇ "ಸೋಮವಾರ" ಅನ್ನುತ್ತಾರೆ. ಯಾವ ಸೋಮವಾರ ಅಂತ ಕೇಳಬಾರದು. ಸೂಪರ್‌ಮಾರ್ಕೆಟ್‌ನವರ ಕರಾರಿನಲ್ಲಿ 60 ದಿನ ಅಂತಿತ್ತು. ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ಕೊಡಬೇಕು, ಕರಾರಲ್ಲಿ ಏನೇ ಬರೆದಿರಲಿ. ಈಗ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ. ಗಡುವು ಮೀರಿದರೆ, ನಿಜವಾಗಿ ದುಡ್ಡು ಕೊಡುವವರೆಗೂ ಅವರು ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ. ಇದನ್ನು ನಮ್ಮ ಆಡಿಟರ್ ಹೇಳಿಕೊಟ್ಟರು. ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ದಪ್ಪಕ್ಷರದಲ್ಲಿ ಹಾಕತೊಡಗಿದೆ. ಜಗಳ ಇಲ್ಲದೆ 60 ಹೋಗಿ 45 ಆಯಿತು.

ಕೊನೆಗೆ ನಾನು ಹಿಡಿದುಕೊಂಡದ್ದು ಈ ಮೂರೂ ಅಲ್ಲ. ಪೋರ್ಟಲ್‌ನ ಆ ಮೂಲೆಯ ಪುಟವನ್ನು ಕದ್ದು ಮೈಸೂರಿನ ಸಂತೇಪೇಟೆಗೆ ತಂದೆ ಅನ್ನಬಹುದು. ಅಲ್ಲಿನ ನಮ್ಮ ಹಳೆಯ ಹೋಲ್‌ಸೇಲ್ ವ್ಯಾಪಾರಿಯ ಮಗ ಬಿಕಾಂ ಓದುತ್ತಿದ್ದಾನೆ. ಅವನ ಜೊತೆ ಕೂತು ಒಂದು ಗೂಗಲ್ ಶೀಟ್ ಮಾಡಿದೆ. ಐದೇ ಕಾಲಂ. ಮಾಲು, ಹೋದ ಭಾನುವಾರ ಇದ್ದದ್ದು, ನಡುವೆ ಬಂದದ್ದು, ಇವತ್ತು ಇರೋದು, ಹೋದದ್ದು. ಕೊನೆಯದನ್ನು ಶೀಟೇ ಲೆಕ್ಕ ಹಾಕುತ್ತೆ. ಎಲ್ಲವೂ ಬಾಕ್ಸ್ ಲೆಕ್ಕ, ಬಾಕ್ಸ್ ಅಂದರೆ 24, ಅದನ್ನು ಮೇಲೆ ಕೆಂಪಲ್ಲಿ ಬರೆದಿದ್ದೇವೆ. ಅವರು ಆರ್ಡರ್ ಮಾಡುವ ಹಾಗೇ ಇಲ್ಲ. ಎರಡು ವಾರಕ್ಕಾಗುವಷ್ಟು ಮಾಲು ಸದಾ ಅಲ್ಲಿರುವಂತೆ ನೋಡಿಕೊಳ್ಳೋದು ನನ್ನ ಜವಾಬ್ದಾರಿ. ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ 1980ರ ದಶಕದಲ್ಲಿ ದೊಡ್ಡದಾಗಿ ಮಾಡಿದ್ದು ಇದನ್ನೇ. ನಾವು ಸಂತೇಪೇಟೆಯಲ್ಲಿ ಪುಕ್ಕಟೆ ಶೀಟಿನಲ್ಲಿ ಮಾಡುತ್ತಿದ್ದೇವೆ.

ಹಿರಿಯರನ್ನು ಒಪ್ಪಿಸೋದು ಮಾತ್ರ ಸುಲಭ ಇರಲಿಲ್ಲ. "ನನ್ನ ಅಂಗಡಿ ಲೆಕ್ಕ ನಿನಗ್ಯಾಕಯ್ಯಾ?" ಅಂತ ನೇರವಾಗಿ ಕೇಳಿದರು. ಕೇಳಬೇಕಾದ್ದೇ. ನನ್ನ ಕೈಗೆ ಲೆಕ್ಕ ಸಿಕ್ಕರೆ ಪಕ್ಕದ ಅಂಗಡಿಗೆ ಹೇಳಬಹುದು, ಹೋಗದ ಮಾಲನ್ನು ಅವರ ತಲೆಗೆ ಕಟ್ಟಬಹುದು. ಮೂರು ಸಲ ಹೋದೆ. ಎರಡು ಸಲ ಕಾಫಿ ಕುಡಿಸಿ ಕಳಿಸಿದರು. ಮೂರನೇ ಸಲ ಒಂದು ಮಾತು ಕೊಟ್ಟೆ: 30 ದಿನ ಕೂತ ಬೆಲ್ಲವನ್ನು ನನ್ನ ಗಾಡಿಯಲ್ಲಿ, ನನ್ನ ಖರ್ಚಿನಲ್ಲಿ ನಾನೇ ಎತ್ತಿಕೊಂಡು ಹೋಗುತ್ತೇನೆ. ಆಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬರೆದುಕೊಡು" ಅಂದರು. ಅಲ್ಲೇ ಅವರ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದುಕೊಟ್ಟೆ.

ಈಗ ಇಂಥ ಐದು ಅಂಗಡಿಗಳಿವೆ. ಸಣ್ಣವರ ಜೊತೆ ವಾಟ್ಸಾಪ್ ಹಾಗೇ ಇದೆ, ಪೋರ್ಟಲ್‌ಗೆ ಹೆಂಡತಿ ಇನ್ನೂ ಕೇಬಲ್ ಆಗಿದ್ದಾಳೆ. ಶೀಟಿನಲ್ಲೂ ತೊಂದರೆ ಇದೆ. ಕಾಲೇಜಿನ ಪರೀಕ್ಷೆ ಬಂದಾಗ ಎರಡು ಭಾನುವಾರ ಯಾರೂ ತುಂಬಲಿಲ್ಲ, ನಾನು ಕುರುಡಾಗಿ ಗಾಡಿ ಕಳಿಸಿದೆ. ಈ ಸಲದ ಸಂಕ್ರಾಂತಿಗೆ ವಾಪಸ್ ಬಂದದ್ದು 7 ಬಾಕ್ಸ್, ಐದೂ ಅಂಗಡಿ ಸೇರಿ.

ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ನನಗೇ ತಡೆಯಲಾಗಲಿಲ್ಲ. ಹಳೆ ಅಭ್ಯಾಸ ನೋಡಿ, ಇನ್ನೊಂದು 20 ಬಾಕ್ಸ್ ಸಂತೇಪೇಟೆಗೆ ಕಳಿಸೋಣ ಅಂತ ಗಾಡಿಗೆ ಹೇಳಿಯೂ ಆಗಿತ್ತು. ಶೀಟ್ ತೆಗೆದು ನೋಡಿದೆ. ಅಚ್ಚು ಬೆಲ್ಲದ ಸಾಲಿನ ಪಕ್ಕ ಆ ಹುಡುಗ ಟಿಪ್ಪಣಿ ಹಾಕಿದ್ದ: "14 ಇದೆ. ಅಪ್ಪ ಫೋನ್ ಮಾಡಿ ಇನ್ನೂ ಬೇಕು ಅಂದರೆ ಕಳಿಸಬೇಡಿ."