ಹಸಿರು ನಂಬರ್ ಫಲಕದ ವಿದ್ಯುತ್ ಕಾರಿನೊಂದಿಗೆ ಮೂರು ವರ್ಷ, 46 ಸಾವಿರ ಕಿ.ಮೀ.

"ಸರ್ಕಾರದವರು ಎಷ್ಟು ಕೊಟ್ಟರು?" ವಿದ್ಯುತ್ ಕಾರು ಮನೆಗೆ ಬಂದ ದಿನ ಮಾವನವರು ಕೇಳಿದ ಮೊದಲ ಪ್ರಶ್ನೆ ಇದು. ಕೈಗೆ ಒಂದು ರೂಪಾಯಿಯೂ ಬಂದಿಲ್ಲ. ವಿದ್ಯುತ್ ವಾಹನಗಳಿಗಾಗಿ ಕೇಂದ್ರ ಸರ್ಕಾರ ತಂದಿದ್ದ ಫೇಮ್-2 ಯೋಜನೆಯ ಸಹಾಯಧನ ಕಾರುಗಳ ಮಟ್ಟಿಗೆ ಬಾಡಿಗೆ ವಾಹನಗಳಿಗಷ್ಟೇ ಇತ್ತು. ನಮ್ಮಂಥವರಿಗೆ ಸಿಕ್ಕಿದ್ದು ತೆರಿಗೆ ಕಟ್ಟದೆ ಉಳಿದ ದುಡ್ಡು.

ಅದೇನು ಸಣ್ಣ ಮೊತ್ತವಲ್ಲ. 2022ರ ಅಕ್ಟೋಬರ್‌ನಲ್ಲಿ ಮೈಸೂರಿನ ನಮ್ಮ ಊಟದ ಮೇಜಿನ ಮೇಲೆ ಎರಡು ದರಪಟ್ಟಿ ಹರಡಿಕೊಂಡು ಕುಳಿತಿದ್ದೆವು. ಪೆಟ್ರೋಲ್ ಕಾರಿನ ಶೋರೂಂ ಬೆಲೆ ಹನ್ನೆರಡು ಲಕ್ಷ, ವಿದ್ಯುತ್ ಕಾರಿನದು ಹದಿನೈದು. ಆದರೆ ಪೆಟ್ರೋಲ್ ಕಾರಿಗೆ ಶೇ 17 ರಸ್ತೆ ತೆರಿಗೆ, ಅದರ ಮೇಲೆ ಉಪಕರ. ಇನ್ನೊಂದು ಪಟ್ಟಿಯಲ್ಲಿ ಆ ಸಾಲಿನ ಮುಂದೆ ಸೊನ್ನೆ. ಹೆಂಡತಿ ಆ ಸೊನ್ನೆಯ ಸುತ್ತ ಪೆನ್ನಿನಿಂದ ಇನ್ನೊಂದು ಸೊನ್ನೆ ಬರೆದಳು. ಮೂರು ಲಕ್ಷದ ಅಂತರ ಮುಕ್ಕಾಲು ಲಕ್ಷದ ಆಸುಪಾಸಿಗೆ ಇಳಿದಿತ್ತು. ವಿದ್ಯುತ್ ಕಾರಿಗೆ ಜಿಎಸ್‌ಟಿ ಬರೀ ಶೇ 5 ಎಂಬುದು ಬೆಲೆಯೊಳಗೇ ಅಡಗಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರಿನ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಸೆಕ್ಷನ್ ಅಡಿ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿಯೂ ಇತ್ತು. ಎರಡು ವರ್ಷ ಪಡೆದೆ. ಆಮೇಲೆ ಈ ವಿನಾಯಿತಿ ಇಲ್ಲದ ಹೊಸ ತೆರಿಗೆ ಪದ್ಧತಿಗೆ ಬದಲಾದೆ, ಅಲ್ಲಿಗೆ ಅದು ಮುಗಿಯಿತು. 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗಂತೂ ಆ ಸೌಲಭ್ಯವೇ ಇಲ್ಲ.

ಇನ್ನು ಕಾರಿನ ಮಾತು. ಒಮ್ಮೆ ಚಾರ್ಜ್ ಮಾಡಿದರೆ ನಿಜವಾಗಿ ಓಡುವುದು 210 ಕಿ.ಮೀ. ಊರೊಳಗೆ ಇದರಷ್ಟು ಸುಖ ಇನ್ನೊಂದಿಲ್ಲ. ರಾತ್ರಿ ಗೇಟಿನ ಪಕ್ಕದ 15 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದರೆ ಬೆಳಿಗ್ಗೆ ತುಂಬಿರುತ್ತದೆ. ದೂರದ ಪ್ರಯಾಣಕ್ಕೆ ತಾಳ್ಮೆ ಬೇಕು. ಮಂಗಳೂರಿಗೆ ಹೊರಟಾಗ ಕುಶಾಲನಗರದ ಬಳಿ ನಾನು ನಂಬಿದ್ದ ಚಾರ್ಜರ್ ಕೆಟ್ಟಿತ್ತು. ಬ್ಯಾಟರಿ ಉಳಿಸಲು ಎಸಿ ಆರಿಸಿ, ಮುಂದಿನ ಲಾರಿಯ ಹೊಗೆ ಕುಡಿಯುತ್ತಾ ಮಡಿಕೇರಿ ಸೇರಿದೆವು. ಚಾರ್ಜ್ ಮಾಡಿಕೊಂಡು ಸಂಪಾಜೆ ಘಾಟಿ ಇಳಿಯುವಾಗ ಇಳಿಜಾರಿನಲ್ಲಿ ಮೋಟರೇ ಬ್ಯಾಟರಿಗೆ ವಿದ್ಯುತ್ ತುಂಬಿದ್ದರಿಂದ ಅದರ ಅಂಕಿ ತಾನಾಗಿ ಶೇ 3 ಏರಿತು. ಮಗಳು ಚಪ್ಪಾಳೆ ತಟ್ಟಿದಳು.

ರಿಯಾಯಿತಿಗಳು ಈಗ ಕರಗುತ್ತಿವೆ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ 2024ರಲ್ಲಿ ರಾಜ್ಯ ಶೇ 10 ತೆರಿಗೆ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ವಿದ್ಯುತ್ ಕಾರಿಗಿದ್ದ ತೆರಿಗೆಯ ಅನುಕೂಲ ಅಷ್ಟು ತಗ್ಗಿತು. ಆದರೂ ಕೊಳ್ಳಬಹುದೇ ಎಂದು ಕೇಳುವವರಿಗೆ ನಾನು ಕೇಳುವುದು ಒಂದೇ: ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ನನ್ನ ತಮ್ಮನಿಗೂ ಇದೇ ಸೊನ್ನೆ ತೆರಿಗೆ ಕಾದಿತ್ತು. ಆದರೆ ಬೆಂಗಳೂರಿನ ಅವನ ಅಪಾರ್ಟ್‌ಮೆಂಟ್ ಸಂಘದವರು ನೆಲಮಾಳಿಗೆಯಲ್ಲಿ ಸಾಕೆಟ್ ಹಾಕಲು ಬಿಡಲಿಲ್ಲ. ಎಂಟು ತಿಂಗಳು ಪತ್ರ ಬರೆದು ಸಾಕಾಗಿ ಪೆಟ್ರೋಲ್ ಕಾರನ್ನೇ ಕೊಂಡ, ರಸ್ತೆ ತೆರಿಗೆ ಕಟ್ಟಿದ.