ಟ್ರಿನಿಡಾಡ್‌ಗೆ ಹೋಗೋರು ಹಳದಿ ಜ್ವರದ ಕಾರ್ಡ್ ಇಲ್ದೆ ಹೊರಡಬೇಡಿ

ವೆಸ್ಟ್ ಇಂಡೀಸ್ ಕಡೆ ಟ್ರಿಪ್ ಪ್ಲಾನ್ ಮಾಡ್ತಿರೋರು, ಅದ್ರಲ್ಲೂ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಟ್ರಿನಿಡಾಡ್‌ಗೆ ಹೋಗೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಹೋಗೋವಾಗ ಯಾರೂ ಕೇಳದ ಒಂದು ಕಾರ್ಡನ್ನ ವಾಪಸ್ ನಮ್ಮ ದೇಶಕ್ಕೆ ಬಂದಾಗ ಕೇಳ್ತಾರೆ, ಇಲ್ಲ ಅಂದ್ರೆ ಮನೆಗೆ ಬಿಡಲ್ಲ. ನಮ್ಮ ಅತ್ತೆ ಮಾವನಿಗೆ ಆಗಿದ್ದು ಇದೇ.

ಮಾವನವರಿಗೆ ಟ್ರಿನಿಡಾಡ್‌ನ ಕಾರಪಿಚೈಮ ಅನ್ನೋ ಊರಿನ ಹನುಮಂತನ್ನ ನೋಡ್ಬೇಕು ಅಂತ ಬಹಳ ವರ್ಷದ ಆಸೆ. ಮೈಸೂರಿನ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮ ಅಲ್ಲೂ ಇದೆ, 85 ಅಡಿ ಎತ್ತರದ ಮೂರ್ತಿ. ಭಾರತದ ಪಾಸ್‌ಪೋರ್ಟ್ ಇದ್ರೆ ಮೊದಲೇ ವೀಸಾ ಮಾಡಿಸೋದೂ ಬೇಡ ಅಂತ ಗೊತ್ತಾದ್ಮೇಲೆ ಒಬ್ಬ ಟ್ರಾವೆಲ್ ಏಜೆಂಟ್ ಹತ್ರ ಪ್ಯಾಕೇಜ್ ಬುಕ್ ಮಾಡಿದ್ವಿ. ನನ್ನ ಗಂಡ ಹಿಂದೆ ಕೀನ್ಯಾದಲ್ಲಿ ಕೆಲಸ ಮಾಡ್ತಿದ್ರು, ಹಾಗಾಗಿ ನಮ್ಮಿಬ್ಬರ ಹತ್ರ ಹಳದಿ ಜ್ವರದ (ಯೆಲ್ಲೋ ಫೀವರ್) ಲಸಿಕೆ ಕಾರ್ಡ್ ಇತ್ತು, ಒಮ್ಮೆ ಹಾಕಿಸಿದ್ರೆ ಈಗ ಜೀವನಪೂರ್ತಿ ನಡೆಯುತ್ತೆ. ಅತ್ತೆ ಮಾವನಿಗೂ ಹಾಕಿಸ್ಬೇಕಾ ಅಂತ ಏಜೆಂಟ್‌ಗೆ ವಾಟ್ಸಾಪ್‌ನಲ್ಲಿ ಕೇಳಿದ್ವಿ. ಅವನು ಬರೆದಿದ್ದು ಇವತ್ತಿಗೂ ಫೋನಲ್ಲಿದೆ, "ಅದೆಲ್ಲ ಆಫ್ರಿಕಾಗೆ ಮಾತ್ರ ಮೇಡಂ, ಟ್ರಿನಿಡಾಡ್‌ಗೆ ಏನೂ ಬೇಡ" ಅಂತ.

ಅವನು ಹೇಳಿದ್ರಲ್ಲಿ ಅರ್ಧ ನಿಜ, ಮೋಸ ಹೋಗೋದೇ ಇಲ್ಲಿ. ಟ್ರಿನಿಡಾಡ್‌ನೋರು ಈ ಕಾರ್ಡ್ ಕೇಳೋದು ಹಳದಿ ಜ್ವರ ಇರೋ ದೇಶದಿಂದ ಬರೋರನ್ನ, ಭಾರತದಲ್ಲಿ ಆ ಜ್ವರ ಇಲ್ಲ, ಅದಕ್ಕೆ ಅಲ್ಲಿನ ಪಿಯಾರ್ಕೊ ಏರ್‌ಪೋರ್ಟಲ್ಲಿ ನಮ್ಮನ್ನ ಯಾರೂ ಏನೂ ಕೇಳಲಿಲ್ಲ. ಆದ್ರೆ ನಮ್ಮ ಸರ್ಕಾರದ ಪಟ್ಟೀಲಿ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ದೇಶಗಳ ಜೊತೆ ಟ್ರಿನಿಡಾಡ್ ಕೂಡ ಇದೆ. ಆ ರೋಗ ಹರಡೋ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಡೆಂಗಿ ತರೋದೂ ಅದೇ, ವೈರಸ್ ಒಂದು ಒಳಗೆ ಬರಬಾರ್ದು ಅಂತ ಇಷ್ಟು ಬಿಗಿ. ಅಲ್ಲಿಂದ ಹೊರಟು ಆರು ದಿನದೊಳಗೆ ಇಲ್ಲಿ ಇಳಿದ್ರೆ ಕಾರ್ಡ್ ತೋರಿಸ್ಲೇಬೇಕು, ಇಲ್ಲ ಅಂದ್ರೆ ಆ ಆರು ದಿನ ತುಂಬೋವರೆಗೂ ಕ್ವಾರಂಟೈನ್.

ವಾಪಸ್ ಬಂದು ಇಲ್ಲಿನ ಏರ್‌ಪೋರ್ಟಲ್ಲಿ ಇಳಿದಾಗ, ಅಷ್ಟು ದೂರ ಕೂತು ಮಾವನವರ ಕಾಲು ಊದ್ಕೊಂಡಿತ್ತು, ಚಪ್ಪಲಿ ಪಟ್ಟಿ ಬಿಚ್ಚಿ ನಿಂತಿದ್ರು. ನಮ್ಮಿಬ್ಬರ ಲಸಿಕೆ ಕಾರ್ಡ್ ನೋಡಿ ಹೋಗಿ ಅಂದ್ರು, ಅವರಿಬ್ಬರನ್ನ ಪಕ್ಕಕ್ಕೆ ಕೂರಿಸಿದ್ರು. ಆರೋಗ್ಯ ಇಲಾಖೆಯೋರು ಒರಟಾಗೇನೂ ಮಾತಾಡ್ಲಿಲ್ಲ, ನಿಯಮ ಓದಿ ಹೇಳಿದ್ರು, ಅವರದ್ದೇನೂ ತಪ್ಪಿಲ್ಲ. ಆದ್ರೆ ಶುಗರ್ ಇರೋ ಮನುಷ್ಯ, ಮಾತ್ರೆ ಎಲ್ಲಾ ದೊಡ್ಡ ಸೂಟ್‌ಕೇಸಲ್ಲಿ, ಸೂಟ್‌ಕೇಸ್ ಇನ್ನೂ ಬೆಲ್ಟ್ ಮೇಲೆ, ಅತ್ತೆ ಮಾತ್ರ "ನೀನು ಮನೆಗೆ ಹೋಗಮ್ಮ, ಮಕ್ಕಳು ಕಾಯ್ತಿರ್ತಾರೆ" ಅಂತಾನೇ ಇದ್ರು. ಸೊಳ್ಳೆ ಪರದೆ ಹಾಕಿದ ರೂಮಲ್ಲಿ ಆ ವಯಸ್ಸಿನೋರು ದಿನ ಕಳೀಬೇಕಾಯ್ತು. ಮಾತ್ರೆ ಬಟ್ಟೆ ತಲುಪಿಸೋಕೆ ನಾವು ಎಷ್ಟು ಓಡಾಡಿದ್ವೋ ನಮಗೇ ಗೊತ್ತು. ಏಜೆಂಟ್ ಅಷ್ಟೊತ್ತಿಗೆ ಫೋನ್ ಎತ್ತೋದು ನಿಲ್ಲಿಸಿದ್ದ.

ಹಾಗಾಗಿ ಹೇಳೋದು, ಟಿಕೆಟ್‌ಗಿಂತ ಮೊದ್ಲು ಲಸಿಕೆ ನೋಡ್ಕೊಳ್ಳಿ. ಸರ್ಕಾರ ಒಪ್ಪಿಗೆ ಕೊಟ್ಟಿರೋ ಸೆಂಟರಲ್ಲಿ ಹಾಕಿಸಿದ್ರೆ ಮಾತ್ರ ಲೆಕ್ಕ, ಕೆಲವು ಕಡೆ ವಾರದಲ್ಲಿ ಇಂಥ ದಿನ ಅಂತ ಇರುತ್ತೆ, ಪಾಸ್‌ಪೋರ್ಟ್ ತಗೊಂಡು ಹೋಗ್ಬೇಕು. ಹಾಕಿಸಿ 10 ದಿನ ಆದ್ಮೇಲೇ ಕಾರ್ಡ್ ಚಾಲ್ತಿಗೆ ಬರೋದು, ಹೊರಡೋ ಹಿಂದಿನ ದಿನ ಓಡಿಹೋಗಿ ಚುಚ್ಚಿಸ್ಕೊಂಡ್ರೆ ಕಷ್ಟ. 60 ದಾಟಿದೋರಿಗೆ ಈ ಲಸಿಕೆಯಿಂದ ತೊಂದರೆ ಆಗೋ ಸಾಧ್ಯತೆ ಸ್ವಲ್ಪ ಜಾಸ್ತಿ, ಅದು ಜೀವಂತ ವೈರಸ್ ಇರೋ ಲಸಿಕೆ, ಮೊಟ್ಟೆ ಅಲರ್ಜಿ ಇದ್ರೂ ಹೇಳ್ಬೇಕು, ಆದ್ರಿಂದ ಮೊದ್ಲು ನಿಮ್ಮ ಡಾಕ್ಟರ್ ಹತ್ರ ಕೂತು ಮಾತಾಡಿ. ಹಾಕಿಸೋ ಹಾಗಿಲ್ಲ ಅಂದ್ರೆ ಬಾರ್ಬಡೋಸ್‌ಗೆ ಹೋಗಿ, ಅದು ಆ ಪಟ್ಟೀಲಿ ಇಲ್ಲ, ಕ್ರಿಕೆಟ್ ಪ್ರೀತಿ ಇರೋರಿಗೆ 2024ರಲ್ಲಿ ನಮ್ಮೋರು ವರ್ಲ್ಡ್ ಕಪ್ ಗೆದ್ದ ಕೆನ್ಸಿಂಗ್ಟನ್ ಓವಲ್ ಅಲ್ಲೇ ಇದೆ.

ವೀಸಾ ವಿಷ್ಯನೂ ಹಾಗೇ. ಟ್ರಿನಿಡಾಡ್‌ಗೆ ಬೇಡ ಅನ್ನೋದು ನಿಜ, ದಾರೀಲಿರೋ ದೇಶಕ್ಕೆ ಬೇಕಲ್ಲ. ಅಮೆರಿಕದ ಮೇಲೆ ಹೋದ್ರೆ ವಿಮಾನ ಬದಲಾಯಿಸೋಕೂ ಅಮೆರಿಕದ ವೀಸಾ ಬೇಕು. ಲಂಡನ್‌ನಲ್ಲಿ ಹೀತ್ರೋದಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತೋ ಟಿಕೆಟ್ ಕಮ್ಮಿಗೆ ಸಿಗ್ತು ಅಂತ ಖುಷಿ ಪಡ್ಬೇಡಿ, ಏರ್‌ಪೋರ್ಟ್ ಬದಲಾದ್ರೆ ಇಮಿಗ್ರೇಷನ್ ದಾಟಿ ಆಚೆ ಬರ್ಬೇಕು, ಅದಕ್ಕೆ ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಕೇಳ್ತಾರೆ.

ಅಲ್ಲಿ ಇಳಿದ್ಮೇಲೆ ಟ್ಯಾಕ್ಸಿ. ಮೀಟರ್ ಅನ್ನೋದೇ ಇಲ್ಲ, ಹತ್ತೋಕೆ ಮುಂಚೆ ರೇಟ್ ಮಾತಾಡ್ಬೇಕು, ಮಾತಾಡೋವಾಗ ಬರೀ ಡಾಲರ್ ಅಂತ ಬಿಡ್ಬೇಡಿ. ಅಲ್ಲಿ ಟಿಟಿ ಡಾಲರ್ ಅಂತ ಅವರದ್ದೇ ದುಡ್ಡು, ಒಂದು ಅಮೆರಿಕನ್ ಡಾಲರ್‌ಗೆ ಆರೂವರೆಗಿಂತ ಜಾಸ್ತಿ ಬರುತ್ತೆ. ಮರಾಕಸ್ ಬೀಚ್‌ಗೆ ಕರ್ಕೊಂಡು ಹೋದೋನು ಇನ್ನೂರು ಡಾಲರ್ ಅಂದಿದ್ದ, ವಾಪಸ್ ಗೆಸ್ಟ್ ಹೌಸ್ ಹತ್ರ ಬಂದ್ಮೇಲೆ ಅಮೆರಿಕನ್ ಡಾಲರ್ ಕೊಡಿ ಅಂತ ಡಿಕ್ಕಿ ಮೇಲೆ ಕೈಯಿಟ್ಟು ನಿಂತ್ಬಿಟ್ಟ, ನಮ್ಮ ಬ್ಯಾಗೆಲ್ಲ ಒಳಗೆ. ಗೆಸ್ಟ್ ಹೌಸಿನ ಆಂಟಿ ಹೊರಗೆ ಬಂದು ಅವರ ಭಾಷೇಲಿ ಜೋರು ಮಾಡಿದ್ಮೇಲೆ ಟಿಟಿಗೇ ಒಪ್ಕೊಂಡ. ಆಮೇಲೆ ಅವರೇ ತೋರಿಸಿದ್ರು, ಬಾಡಿಗೆ ಗಾಡಿ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತೆ, 'ಪಿ' ಇದ್ರೆ ಅದು ಖಾಸಗಿ ಕಾರು, ಟ್ಯಾಕ್ಸಿ ಥರ ಓಡಿಸೋದು ಅಲ್ಲಿ ಕಾನೂನಿಗೆ ವಿರುದ್ಧ. ನಾವು ಹತ್ತಿದ್ದ ಗಾಡಿದು 'ಪಿ'.

ಮಿಲಿಟರಿ ಡಿಸೈನ್ ಬಟ್ಟೆ, ಟೋಪಿ, ಬ್ಯಾಗ್ ಯಾವುದೂ ತಗೊಂಡು ಹೋಗ್ಬೇಡಿ, ಮಕ್ಕಳದ್ದೂ ಬೇಡ. ಅಲ್ಲಿ ಅದು ನಿಷೇಧ, ಬಾರ್ಬಡೋಸ್‌ನಲ್ಲೂ ಅಷ್ಟೇ. ಮರಾಕಸ್‌ನಲ್ಲಿ ಅಲೆ ಸೆಳೆತ ಜೋರು, ಲೈಫ್‌ಗಾರ್ಡ್ ನೆಟ್ಟಿರೋ ಬಾವುಟಗಳ ಮಧ್ಯೆ ಮಾತ್ರ ನೀರಿಗಿಳಿರಿ. ಲಾ ಬ್ರೇಯಲ್ಲಿ ಡಾಂಬರಿನ ಕೆರೆ ಇದೆ, ನೋಡ್ಬೇಕಾದ್ದೇ, ಆದ್ರೆ ರಸ್ತೇಲಿ ಅಡ್ಡ ಬಂದು ನಾನೇ ಗೈಡ್ ಅನ್ನೋರ ಹಿಂದೆ ಹೋಗ್ಬೇಡಿ, ಕಾಲು ಹೂತು ಹೋಗೋ ಮೆತ್ತನೆ ಜಾಗ ಇವೆ, ಅಲ್ಲಿನ ಅಧಿಕೃತ ಗೈಡ್ ತಗೊಳ್ಳಿ.

ಊಟಕ್ಕೆ ಮಾತ್ರ ಸಸ್ಯಾಹಾರಿಗಳು ಹೆದರಬೇಕಿಲ್ಲ. 1845ರಿಂದ ಕಬ್ಬಿನ ತೋಟದ ಕೂಲಿಗೆ ಅಂತ ನಮ್ಮ ದೇಶದ ಜನರನ್ನ ಹಡಗಲ್ಲಿ ಕರ್ಕೊಂಡು ಹೋಗಿದ್ದ ದ್ವೀಪ ಅದು, ಬೀದೀಲಿ ಸಿಗೋ ಡಬಲ್ಸ್ ಅಂದ್ರೆ ಬಾರಾ ಅನ್ನೋ ಎರಡು ಮೆತ್ತನೆ ಕರಿದ ರೊಟ್ಟಿ ಮಧ್ಯೆ ಕಡಲೆಕಾಳಿನ ಪಲ್ಯ, ದಾಲ್‌ಪುರಿ ಅಂತೂ ಖಾರದ ಬೇಳೆ ಹೋಳಿಗೆ ಇದ್ದ ಹಾಗೆ. ಖಾರ ಕೇಳಿದಾಗ "ಸ್ಲೈಟ್" ಅನ್ನಿ, ಅವರ ಮೆಣಸಿನಕಾಯಿ ಬೆಂಕಿ.

ಹನುಮಂತನ ಎದುರು ಮಾವನವರು ಅತ್ತಿದ್ದು ನೋಡಿದ್ದೀನಿ, ಅಂಥ ಜಾಗಕ್ಕೆ ಹೋಗ್ಬೇಡಿ ಅಂತ ನಾನು ಹೇಳಲ್ಲ. ಏಜೆಂಟ್ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಡೋಕೆ ಆ ವಾಟ್ಸಾಪ್ ಮೆಸೇಜೇ ನಮಗೀಗ ಆಧಾರ, ನೀವೂ ಏಜೆಂಟ್ ಹತ್ರ ಏನೇ ಕೇಳಿದ್ರೂ ಬರಹದಲ್ಲಿ ಕೇಳಿ. ಇನ್ನು ಲಸಿಕೆ ಹಾಕಿಸ್ಕೊಂಡ ದಿನ ಕೌಂಟರ್ ಬಿಟ್ಟು ಬರೋಕೆ ಮುಂಚೆ ಕಾರ್ಡಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್, ತಾರೀಖು, ಸೀಲು, ಸಹಿ ಒಂದೊಂದೇ ನೋಡಿ, ಕಾರ್ಡನ್ನ ಸೂಟ್‌ಕೇಸಿಗೆ ಹಾಕ್ದೆ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಟ್ಕೊಳ್ಳಿ, ವಯಸ್ಸಾದೋರ ಮಾತ್ರೆನೂ ಅಲ್ಲೇ ಇರ್ಲಿ.