ಆರ್710ಗೆ ಐಡ್ರ್ಯಾಕ್6 ಎಂಟರ್‌ಪ್ರೈಸ್ ಕಾರ್ಡ್: ಪೋರ್ಟ್ ಗಟ್ಟಿ, ಸ್ಕ್ರೀನ್ ತಲೆನೋವು

ಸೆಕೆಂಡ್‌ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್710 ಸರ್ವರ್ ಕೊಳ್ಳುವ ಮುನ್ನ ಅದರ ಬೆನ್ನು ನೋಡಿ. ಸರ್ವರ್ ಅನ್ನು ದೂರದಿಂದಲೇ ನೋಡಿಕೊಳ್ಳಲು ಒಳಗಿರುವ ಪುಟ್ಟ ಕಂಪ್ಯೂಟರೇ ಐಡ್ರ್ಯಾಕ್6. ಅದರ ಸರಳ ರೂಪ ಎಕ್ಸ್‌ಪ್ರೆಸ್, ಪೂರ್ಣ ರೂಪ ಎಂಟರ್‌ಪ್ರೈಸ್. ನಾಲ್ಕು ನೆಟ್‌ವರ್ಕ್ ಪೋರ್ಟ್‌ಗಳ ಹೊರತಾಗಿ ಇನ್ನೊಂದು ಒಂಟಿ ಪೋರ್ಟ್ ಇದ್ದರೆ ಎಂಟರ್‌ಪ್ರೈಸ್ ಕಾರ್ಡ್ ಒಳಗಿದೆ. ಆ ಕಿಂಡಿ ಖಾಲಿಯಿದ್ದರೆ ಬರೀ ಎಕ್ಸ್‌ಪ್ರೆಸ್. ಸೆನ್ಸರ್, ಲಾಗ್, ಪವರ್ ಆನ್-ಆಫ್ ಎಕ್ಸ್‌ಪ್ರೆಸ್‌ನಲ್ಲೂ ಸಿಗುತ್ತವೆ, ಆದರೆ ಸರ್ವರ್‌ನ ಪೋರ್ಟನ್ನೇ ಹಂಚಿಕೊಳ್ಳಬೇಕು. ದೂರದಿಂದ ಸ್ಕ್ರೀನ್ ನೋಡಲು, ಐಎಸ್ಒ (ಇನ್‌ಸ್ಟಾಲ್ ಡಿಸ್ಕಿನ ಫೈಲ್ ರೂಪ) ತೋರಿಸಿ ಬೂಟ್ ಮಾಡಿಸಲು ಎಂಟರ್‌ಪ್ರೈಸ್ ಬೇಕೇ ಬೇಕು.

ಕಾರ್ಡ್ ಕೂರಿಸುವಾಗ ಎರಡೂ ಪವರ್ ಕೇಬಲ್ ಕೀಳಿ. ಸರ್ವರ್ ಆಫ್ ಮಾಡಿದರಷ್ಟೇ ಸಾಲದು, ಸ್ಟ್ಯಾಂಡ್‌ಬೈ ಕರೆಂಟ್ ಇದ್ದೇ ಇರುತ್ತದೆ. ಆಮೇಲೆ ಬೂಟ್ ಆಗುವಾಗ ಕಂಟ್ರೋಲ್-ಇ ಒತ್ತಿ, ಎನ್ಐಸಿ ಸೆಲೆಕ್ಷನ್ (ಯಾವ ನೆಟ್‌ವರ್ಕ್ ಪೋರ್ಟ್ ಎಂಬ ಆಯ್ಕೆ) 'ಡೆಡಿಕೇಟೆಡ್' ಇದೆಯೇ ನೋಡಿ. 'ಶೇರ್ಡ್' ಅಂತ ಉಳಿದಿದ್ದರೆ ಹೊಸ ಪೋರ್ಟ್‌ಗೆ ಕೇಬಲ್ ಹಾಕಿಯೂ ಪಿಂಗ್ ಬರದು. ಕಂಪನಿಯಿಂದ ಬಂದ ವಿಳಾಸ 192.168.0.120, ರೂಟ್ ಬಳಕೆದಾರನ ಪಾಸ್‌ವರ್ಡ್ 'ಕ್ಯಾಲ್ವಿನ್' ಎಂಬುದು ಲೋಕಕ್ಕೇ ಗೊತ್ತು, ಮೊದಲು ಬದಲಿಸಿ.

ತಲೆನೋವು ಸ್ಕ್ರೀನಿನದು. ದೂರದ ಸ್ಕ್ರೀನ್ ತೋರಿಸುವ ವರ್ಚುವಲ್ ಕನ್ಸೋಲ್, ವೆಬ್ ಪುಟದಿಂದ ಜಾವಾ ಪ್ರೋಗ್ರಾಂ ತೆರೆಯುವ ಜಾವಾ ವೆಬ್ ಸ್ಟಾರ್ಟ್ ನಂಬಿಕೊಂಡಿದೆ, ಜಾವಾ 11ರಲ್ಲಿ ಅದನ್ನೇ ಕಿತ್ತುಹಾಕಿದ್ದಾರೆ. ಜಾವಾ 8 ಹಾಕಿದರೂ ಹಳೆಯ ಎನ್‌ಕ್ರಿಪ್ಶನ್ ಎಂದು ತಡೆಯುತ್ತದೆ. ಜಾವಾದ ನಿಷೇಧಿತ ಅಲ್ಗಾರಿದಮ್‌ಗಳ ಪಟ್ಟಿಯನ್ನು ಸಡಿಲಿಸಬೇಕು. ಇದನ್ನು ದಿನಬಳಕೆಯ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ, ಬೇರೆ ವರ್ಚುವಲ್ ಮೆಷಿನ್ ಇಟ್ಟುಕೊಳ್ಳಿ.

ಲಿನಕ್ಸ್ ಓಡಿಸುವವರಿಗೆ ಇಷ್ಟೆಲ್ಲ ಒದ್ದಾಟ ಬೇಕಿಲ್ಲ. ಬಯೋಸ್‌ನಲ್ಲಿ ಕನ್ಸೋಲ್ ರೀಡೈರೆಕ್ಷನ್ ಅನ್ನು ಕಾಮ್2ಗೆ (ಎರಡನೇ ಸೀರಿಯಲ್ ಪೋರ್ಟ್) ತಿರುಗಿಸಿ, ಕರ್ನಲ್‌ಗೆ ಟಿಟಿವೈ-ಎಸ್1 (ಅದೇ ಪೋರ್ಟಿಗೆ ಲಿನಕ್ಸ್ ಹೆಸರು) ಕನ್ಸೋಲ್ ಕೊಡಿ. ಕಾರ್ಡ್‌ಗೆ ಎಸ್ಎಸ್ಎಚ್ (ದೂರದಿಂದ ಆದೇಶ ಟೈಪಿಸುವ ಸಂಪರ್ಕ) ಮಾಡಿ 'ಕನ್ಸೋಲ್ ಕಾಮ್2' ಎಂದರೆ ಬೂಟ್ ಆರಂಭದ ಗ್ರಬ್ ಮೆನುವಿನಿಂದ ಲಾಗಿನ್‌ವರೆಗೂ ಎಲ್ಲ ಅಕ್ಷರರೂಪದಲ್ಲಿ ಬರುತ್ತದೆ. ಪರದೆ ತುಂಬ ಕಸದ ಅಕ್ಷರ ಬಂದರೆ ವೇಗ ತಾಳೆಯಾಗಿಲ್ಲ ಎಂದರ್ಥ. ಬಯೋಸ್, ಕಾರ್ಡ್, ಕರ್ನಲ್ ಮೂರರಲ್ಲೂ 115200 ಇರಲಿ.

ಪೋರ್ಟ್ 100 ಎಂಬಿಪಿಎಸ್ ಮಾತ್ರ. 4 ಜಿಬಿ ಐಎಸ್ಒ ಸಾಗಲು ಲೆಕ್ಕಕ್ಕೇ ಐದೂವರೆ ನಿಮಿಷ, ನಿಜದಲ್ಲಿ ಇನ್ನೂ ಎಷ್ಟೋ ಹೆಚ್ಚು. ನೆಟ್‌ಇನ್‌ಸ್ಟಾಲ್ ಐಎಸ್ಒ (ಉಳಿದದ್ದನ್ನು ನೆಟ್‌ವರ್ಕ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಫೈಲ್) ಸಾಕು.

ಇದನ್ನು ಇಂಟರ್ನೆಟ್‌ಗೆ ತೆರೆದಿಡುವುದು ಹುಚ್ಚುತನ. ಐಪಿಎಂಐ 2.0 (ಸರ್ವರ್‌ಗಳ ದೂರನಿರ್ವಹಣೆಯ ಸಾಮಾನ್ಯ ಮಾನದಂಡ) ಲಾಗಿನ್ ಪದ್ಧತಿಯಲ್ಲೇ ಖಾತೆಯ ಹೆಸರು ಗೊತ್ತಿದ್ದವರಿಗೆ ಪಾಸ್‌ವರ್ಡ್‌ನ ಹ್ಯಾಶ್ (ಊಹಿಸಿ ತಾಳೆ ನೋಡಬಹುದಾದ ಗೂಢರೂಪ) ಸಿಕ್ಕಿಬಿಡುತ್ತದೆ, ಫರ್ಮ್‌ವೇರ್ ಏರಿಸಿದರೂ ಅದು ಹೋಗದು. ಪ್ರತ್ಯೇಕ ವಿಎಲ್ಎಎನ್ (ನೆಟ್‌ವರ್ಕ್‌ನೊಳಗೇ ಬೇರ್ಪಟ್ಟ ಭಾಗ), ಹೊರಗಿನಿಂದ ವಿಪಿಎನ್. ಬಳಸದಿದ್ದರೆ 'ಐಪಿಎಂಐ ಓವರ್ ಲ್ಯಾನ್' ಆಫ್.

ವೆಬ್ ಪುಟ ಸ್ತಬ್ಧವಾದರೆ ಎಸ್ಎಸ್ಎಚ್‌ನಲ್ಲಿ 'ರ‍್ಯಾಕ್‌ಆಡ್ಮ್ ರ‍್ಯಾಕ್‌ರೀಸೆಟ್' ಕೊಡಿ. ಕಾರ್ಡ್ ಮಾತ್ರ ರೀಬೂಟ್ ಆಗುತ್ತದೆ, ಸರ್ವರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಎಸ್ಎಸ್ಎಚ್ ಕೂಡ ಸತ್ತಿದ್ದರೆ ಕೇಬಲ್ ಕಿತ್ತು, ಪವರ್ ಬಟನ್ ಹದಿನೈದು-ಇಪ್ಪತ್ತು ಸೆಕೆಂಡ್ ಒತ್ತಿಹಿಡಿಯಬೇಕು. ಅದಕ್ಕೆ ಮಾತ್ರ ರ‍್ಯಾಕ್ ಹತ್ತಿರ ಯಾರಾದರೂ ಹೋಗಲೇಬೇಕು.